ಬೋರ್ಡಿನಲ್ಲಿ 1958, ಸರ್ಟಿಫಿಕೇಟಿನಲ್ಲಿ 1977: ಪೇಟೆಯ ಫುಟ್ಬಾಲ್ ಕ್ಲಬ್ಬೊಂದರ ಹುಟ್ಟಿದ ವರ್ಷ ಹುಡುಕಿದ ಬಗೆ

ಕೊಡಗಿನ ಕಾಫಿ ತೋಟಗಳ ನಡುವೆ ಒಂದು ಸಣ್ಣ ಪೇಟೆ. ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಮೈದಾನ, ಅದರ ಮೂಲೆಯಲ್ಲಿ ಹೆಂಚಿನ ಒಂದು ಕೋಣೆ, ಬಾಗಿಲ ಮೇಲೆ ತಗಡಿನ ಬೋರ್ಡು. ಬೋರ್ಡಿನಲ್ಲಿ ಫುಟ್ಬಾಲ್ ಕ್ಲಬ್ಬಿನ ಹೆಸರು, ಕೆಳಗೆ ‘ಸ್ಥಾಪನೆ: 1958’. ಒಳಗೆ ಗೋಡೆಗೆ ತೂಗುಹಾಕಿರುವ ನೋಂದಣಿ ಪ್ರಮಾಣಪತ್ರದಲ್ಲಿ 1977. ಕಪಾಟಿನಲ್ಲಿರುವ ಅತಿ ಹಳೆಯ ಬಹುಮಾನದ ಕಪ್ಪಿನ ಮೇಲೆ 1964. ಹಿರಿಯ ಆಟಗಾರರೊಬ್ಬರ ಮನೆಯಿಂದ ಬಂದ ತಂಡದ ಫೋಟೋದ ಬೆನ್ನಿಗೆ 1955. ಒಂದೇ ಕ್ಲಬ್ಬಿಗೆ ನಾಲ್ಕು ಜಾತಕ.

ಕ್ಲಬ್ಬಿಗೆ ಇಲ್ಲಿ ಹೆಸರಿಟ್ಟಿಲ್ಲ, ಊರನ್ನೂ ಹೇಳಿಲ್ಲ. ಇದೊಂದು ಮಾದರಿ ಪ್ರಕರಣ. ಸಣ್ಣ ಪೇಟೆಯ ಕ್ಲಬ್ಬುಗಳ ಕಪಾಟಿನಲ್ಲಿ ಸಿಗುವಂಥ ಕಾಗದಪತ್ರಗಳನ್ನೂ ಅವು ಹುಟ್ಟಿಸುವ ಗೊಂದಲವನ್ನೂ ಒಂದೇ ಕ್ಲಬ್ಬಿನ ತಲೆಗೆ ಕಟ್ಟಿ ಬರೆದದ್ದು. ಕ್ಲಬ್ಬಿನ ಒಳಗಿನ ಇಸವಿಗಳು ಉದಾಹರಣೆಗೆ ಇಟ್ಟುಕೊಂಡವು. ನಾಣ್ಯ, ಅಂಚೆ, ರಾಜ್ಯದ ಹೆಸರು, ಆಟದ ನಿಯಮ ಇವುಗಳ ಇಸವಿಗಳು ಮಾತ್ರ ನಿಜವಾದವು. ಅವನ್ನು ಯಾವ ಊರಿನ ಕ್ಲಬ್ಬಿನ ಕಾಗದಕ್ಕೂ ಹಚ್ಚಿ ನೋಡಬಹುದು.

ಜಗಳ ಶುರುವಾದದ್ದು ಸುವರ್ಣ ಮಹೋತ್ಸವದ ಮಾತಿನಿಂದ. ಈಗಿನ ಸಮಿತಿಯವರು 2027ರಲ್ಲಿ ಐವತ್ತನೇ ವರ್ಷ ಆಚರಿಸೋಣ ಎಂದರು. ಅನುದಾನಕ್ಕೆ ಅರ್ಜಿ ಹಾಕಿದರೆ ಕೇಳುವುದು ನೋಂದಣಿ ಪ್ರಮಾಣಪತ್ರವನ್ನು, ಅದರಲ್ಲಿರುವುದು 1977. ಹಳಬರು ಒಪ್ಪಲಿಲ್ಲ. ‘ಹಾಗಾದರೆ ಅದಕ್ಕೆ ಮೊದಲು ಆಡಿದವರೆಲ್ಲ ಯಾರ ಪರ ಆಡಿದ್ದು?’ ಎಂದು ಕೇಳಿದರು. ಬೋರ್ಡಿನ ಲೆಕ್ಕ ಹಿಡಿದರೆ ಐವತ್ತು 2008ಕ್ಕೇ ಮುಗಿದುಹೋಗಿದೆ. ಕೊನೆಗೆ ಐದು ಜನರ ಉಪಸಮಿತಿ ಮಾಡಿ, ಕಾಗದ ನೋಡಿ ತೀರ್ಮಾನಿಸಿ ಎಂದಾಯಿತು.

ಉಪಸಮಿತಿ ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಯಾವ ಇಸವಿಗೆ ಹೆಚ್ಚು ಸಾಕ್ಷಿ ಇದೆ ಎಂದು ಎಣಿಸಿದರು. 1958ಕ್ಕೆ ನಾಲ್ಕು ಸಿಕ್ಕವು: ಬೋರ್ಡು, ಹಿಂದೊಮ್ಮೆ ಅಚ್ಚಾದ ಸ್ಮರಣ ಸಂಚಿಕೆ, ಒಂದು ಟೂರ್ನಿಯ ಕರಪತ್ರ, ಈಗಿನ ಲೆಟರ್‌ಹೆಡ್. ಯಾವುದು ಯಾವುದರಿಂದ ಬಂತು ಎಂದು ಕೇಳಿಕೊಂಡು ಹೋದಾಗ ಬಣ್ಣ ಕಳಚಿತು. ಲೆಟರ್‌ಹೆಡ್ ಬರೆಸಿದ್ದು ಬೋರ್ಡು ನೋಡಿ, ಬೋರ್ಡು ಬರೆಸಿದ್ದು ಸ್ಮರಣ ಸಂಚಿಕೆ ನೋಡಿ, ಕರಪತ್ರವೂ ಅದರದೇ ನಕಲು. ಸಂಚಿಕೆಯಲ್ಲಿ ಇಸವಿ ಬಂದಿರುವುದು ಅಧ್ಯಕ್ಷರ ಸಂದೇಶದ ಒಂದು ಸಾಲಿನಲ್ಲಿ, ಆಧಾರವಿಲ್ಲದೆ. ಅಂದರೆ ನಾಲ್ಕು ಸಾಕ್ಷಿಯಲ್ಲ, ಒಬ್ಬರ ನೆನಪಿನ ನಾಲ್ಕು ನಕಲು. ಕ್ಲಬ್ಬುಗಳ ಇತಿಹಾಸ ಹಾಳಾಗುವುದು ಸುಳ್ಳಿನಿಂದಲ್ಲ, ಹೆಚ್ಚಾಗಿ ಹೀಗೆ ನಕಲು ಇಳಿಯುವುದರಿಂದ.

ಎರಡನೇ ಸುತ್ತಿನಲ್ಲಿ ಒಂದು ಕಟ್ಟುಪಾಡು ಹಾಕಿಕೊಂಡರು. ಕೈಗೆ ಬಂದ ಪ್ರತಿ ವಸ್ತುವಿಗೂ ಎರಡು ಪ್ರಶ್ನೆ: ಈ ವಸ್ತು ತಯಾರಾದದ್ದು ಯಾವಾಗ? ಇದರ ಮೇಲಿನ ಬರಹ ಬಿದ್ದದ್ದು ಯಾವಾಗ? ಉತ್ತರವನ್ನು ‘ಇದಕ್ಕೂ ಮೊದಲಲ್ಲ’, ‘ಇದಕ್ಕಿಂತ ನಂತರವಲ್ಲ’ ಎಂಬ ಎರಡು ಕಂಬಗಳ ನಡುವೆಯೇ ಬರೆಯಬೇಕು. ಒಂದೇ ಇಸವಿ ಬರೆಯುವಂತಿಲ್ಲ.

ಫೋಟೋ

ಮೊದಲು ಬಿದ್ದದ್ದು 1955. ಫೋಟೋ ಕಪ್ಪುಬಿಳುಪು, ಅಂಗೈಗಿಂತ ಸ್ವಲ್ಪ ದೊಡ್ಡದು. ಒಂಬತ್ತು ಹುಡುಗರು, ನಾಲ್ವರು ಬರಿಗಾಲಲ್ಲಿ, ನಡುವೆ ಕುಳಿತವನ ತೊಡೆಯ ಮೇಲೆ ಚರ್ಮದ ಚೆಂಡು, ಅದರ ಬಾಯಿಗೆ ಲೇಸು ಬಿಗಿದಿದೆ. ಬೆನ್ನಿಗೆ ಬಾಲ್‌ಪೆನ್ನಿನಲ್ಲಿ 1955. ಪಕ್ಕದಲ್ಲಿ ಮಡಿಕೇರಿಯ ಸ್ಟುಡಿಯೊ ಒಂದರ ಮೊಹರು, ವಿಳಾಸದ ಕೊನೆಗೆ 571201.

ಆ ಆರು ಅಂಕಿಯೇ ಸಾಕು. ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಹಾಗಾಗಿ ಈ ಪ್ರತಿ ಅದಕ್ಕೂ ಮೊದಲು ಅಚ್ಚಾದದ್ದಲ್ಲ. ಅಷ್ಟಕ್ಕೇ ಚಿತ್ರವೂ ಆಮೇಲಿನದು ಎನ್ನುವಂತಿಲ್ಲ. ಹಳೆಯ ಫೋಟೋವನ್ನು ಮತ್ತೆ ಫೋಟೋ ಹೊಡೆದು ಪ್ರತಿ ತೆಗೆಸುವುದು ಆಗ ಸಾಮಾನ್ಯ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಾಗ ಚಿತ್ರದೊಳಗೇ ಇನ್ನೊಂದು ಅಂಚು, ಒಂದು ಮಡಿಕೆಯ ಗೆರೆ ಕಂಡವು. ಮಡಿಕೆ ಚಿತ್ರದಲ್ಲಿದೆ, ಕಾಗದದಲ್ಲಿಲ್ಲ. ಹಾಗಾದರೆ ಇದು ಪ್ರತಿಯ ಪ್ರತಿ. 1955 ಎಂದು ಬರೆದವರು 1972ರ ನಂತರ ಬರೆದವರು. ನೆನಪಿನಿಂದ ಬರೆದಿರಬಹುದು, ಮೂಲ ಫೋಟೋದ ಬೆನ್ನು ನೋಡಿಯೂ ಬರೆದಿರಬಹುದು.

ಲೇಸಿನ ಚೆಂಡು ಏನನ್ನೂ ಸಾಬೀತು ಮಾಡುವುದಿಲ್ಲ. ಹೊಲಿಗೆ ಬಿಟ್ಟ ಚೆಂಡನ್ನು ಮೋಚಿಯ ಹತ್ತಿರ ಹೊಲಿಸಿ, ಬ್ಲಾಡರ್ ಬದಲಿಸಿ ವರ್ಷಗಟ್ಟಲೆ ಆಡುತ್ತಿದ್ದ ಕಾಲ ಅದು. ಚೆಂಡಿನ ಸುಳಿವು ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ. ಹನ್ನೆರಡು ಕಪ್ಪು, ಇಪ್ಪತ್ತು ಬಿಳಿ ತುಂಡುಗಳ ಚೆಂಡು ಜಗತ್ತಿಗೆಲ್ಲ ಪರಿಚಯವಾದದ್ದು 1970ರ ಮೆಕ್ಸಿಕೊ ವಿಶ್ವಕಪ್ಪಿನಿಂದ. ಅಂಥದ್ದು ಪೇಟೆಯ ಫೋಟೋದಲ್ಲಿ ಕಂಡರೆ ಅದಕ್ಕಿಂತ ಹಿಂದಿನದಲ್ಲ ಎಂದು ಹೇಳಬಹುದು. ಕಾಣದಿದ್ದರೆ ಏನನ್ನೂ ಹೇಳುವಂತಿಲ್ಲ. ಬರಿಗಾಲೂ ಹಾಗೆಯೇ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತ ತಂಡದ ಹೆಚ್ಚಿನವರು ಆಡಿದ್ದೂ ಬರಿಗಾಲಲ್ಲೇ. ಪೇಟೆಯ ಮೈದಾನಗಳಲ್ಲಿ ಅದು ಎಷ್ಟೋ ವರ್ಷ ಮುಂದುವರಿಯಿತು.

ಒಂಬತ್ತೇ ಜನ ಏಕೆ? ‘ಇಬ್ಬರು ಫೋಟೋಕ್ಕೆ ಬಂದಿರಲಿಲ್ಲ’ ಎಂದು ಒಬ್ಬರು ಸಮಜಾಯಿಷಿ ಕೊಟ್ಟರು. ಆದರೆ ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು ಜಿಲ್ಲೆ, ಅಲ್ಲಿಂದಾಚೆಗೆ ಮಲಬಾರಿನ ಸೆವೆನ್ಸ್ ಫುಟ್ಬಾಲು. ತಂಡಕ್ಕೆ ಏಳೇ ಜನ, ಚಿಕ್ಕ ಅಂಗಣ, ಹಬ್ಬದ ದಿನಗಳ ಪಂದ್ಯ. ಏಳು ಆಟಗಾರರು ಮತ್ತು ಇಬ್ಬರು ಬದಲಿಗಳೆಂದರೆ ಒಂಬತ್ತು. ತೀರ್ಮಾನವಲ್ಲ, ಸಾಧ್ಯತೆ. ಹನ್ನೊಂದಿಲ್ಲವೆಂದು ಫೋಟೋವನ್ನು ತಳ್ಳಿಹಾಕುವಂತಿಲ್ಲ ಎಂಬುದಷ್ಟೇ ಇದರಿಂದ ಸಿಕ್ಕ ಪ್ರಯೋಜನ.

ನಿಜವಾಗಿ ಮಾತಾಡಿದ್ದು ಹುಡುಗರ ಹಿಂದೆ ನಿಂತಿದ್ದ ಗೋಲು. ಫುಟ್ಬಾಲ್ ಗೋಲಿನ ಅಗಲ 24 ಅಡಿ, ಎತ್ತರ 8 ಅಡಿ, ಮೀಟರಿನಲ್ಲಿ 7.32 ಮತ್ತು 2.44. ಹಾಕಿ ಗೋಲು ಅಗಲ 12 ಅಡಿ, ಎತ್ತರ 7 ಅಡಿ; 3.66 ಮತ್ತು 2.14. ಅಗಲವನ್ನು ಎತ್ತರದಿಂದ ಭಾಗಿಸಿದರೆ ಫುಟ್ಬಾಲಿನದು 3, ಹಾಕಿಯದು 1.7. ಫೋಟೋ ಎದುರಿನಿಂದ ನೇರವಾಗಿ ತೆಗೆದದ್ದಾದರೆ ಸ್ಕೇಲು ಇಟ್ಟು ಅಳೆದೇ ಹೇಳಬಹುದು. ಓರೆಯಾಗಿ ತೆಗೆದಿದ್ದರೆ ಅಗಲ ಕಿರಿದಾಗಿ ಕಂಡು ಲೆಕ್ಕ ತಪ್ಪುತ್ತದೆ. ಇಲ್ಲಿ ಕಂಬದಿಂದ ಕಂಬಕ್ಕೆ 4.1 ಸೆಂ.ಮೀ., ನೆಲದಿಂದ ಅಡ್ಡಪಟ್ಟಿಗೆ 2.4 ಸೆಂ.ಮೀ. ಭಾಗಿಸಿದರೆ 1.7. ಬುಡದಲ್ಲಿ ಮೊಣಕಾಲೆತ್ತರದ ಹಲಗೆಯೂ ಕಾಣುತ್ತದೆ, ಅದು ಹಾಕಿ ಗೋಲಿಗೆ ಮಾತ್ರ ಇರುವಂಥದ್ದು. ಫುಟ್ಬಾಲ್ ತಂಡ ನಿಂತಿರುವುದು ಹಾಕಿ ಗೋಲಿನ ಮುಂದೆ!

ಕೊಡಗಿನಲ್ಲಿ ಇದರಲ್ಲಿ ಆಶ್ಚರ್ಯವಿಲ್ಲ. ಮೈದಾನವೆಂದರೆ ಮೊದಲು ಹಾಕಿಗೆ, ಉಳಿದ ಆಟ ಆಮೇಲೆ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವ ಶುರುವಾಗುವ ಎಷ್ಟೋ ಮೊದಲಿನಿಂದಲೂ ಇದೇ ಪಾಡು. ಫುಟ್ಬಾಲು ಬೆಳೆದದ್ದು ಹೆಚ್ಚಾಗಿ ಪೇಟೆಯ ಅಂಗಡಿ ಸಾಲಿನಲ್ಲಿ, ತೋಟದ ಲೈನ್ ಮನೆಗಳಲ್ಲಿ, ಗದ್ದೆ ಕೊಯ್ಲಾದ ಮೇಲಿನ ಕೂಳೆಯ ಮೇಲೆ. ಹಾಗಾಗಿಯೇ ಅದರ ಕಾಗದಪತ್ರವೂ ತೆಳು. ಆದರೆ ಹಾಕಿ ಗೋಲು ಒಂದು ದಾರಿ ತೋರಿಸಿತು: ಆ ಕಾಲದ ಮೈದಾನದ ಸುದ್ದಿ ಬೇಕಿದ್ದರೆ ಹಾಕಿಯವರ ಮನೆಗಳಲ್ಲೂ ಹುಡುಕಬೇಕು.

ಲೆಕ್ಕದ ಪುಸ್ತಕ

ಪ್ರಕರಣದ ಕೀಲಿ ಸಿಕ್ಕಿದ್ದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಪುಸ್ತಕದಲ್ಲಿ. ಉದ್ದನೆಯ ರೋಕಡ ಪುಸ್ತಕ. ರಟ್ಟಿನ ಮೇಲೆ ‘ಫುಟ್ಬಾಲ್ ಲೆಕ್ಕ’ ಎಂದಷ್ಟೇ ಇದೆ, ಕ್ಲಬ್ಬಿನ ಹೆಸರಿಲ್ಲ. ಮೊದಲ ಎರಡು ಹಾಳೆ ಹರಿದುಹೋಗಿವೆ. ತಾರೀಖುಗಳಿವೆ, ಇಸವಿ ಎಲ್ಲೂ ಇಲ್ಲ. ದಿನವೂ ಲೆಕ್ಕ ಬರೆಯುವವರಿಗೆ ಇಸವಿ ಬರೆಯುವ ಅಗತ್ಯ ಕಾಣುವುದಿಲ್ಲವಲ್ಲ.

ಪುಸ್ತಕದಲ್ಲಿ ಅಚ್ಚಾದ ಕಾಲಂಗಳು ಮೂರು: ರೂಪಾಯಿ, ಆಣೆ, ಪೈ. ನೋಡಿದ ಕೂಡಲೇ ‘ಆಣೆ ಕಾಲದ್ದು, ಅಂದರೆ 1957ಕ್ಕಿಂತ ಹಿಂದಿನದು’ ಎಂದು ಒಬ್ಬರು ತೀರ್ಪು ಕೊಟ್ಟೇಬಿಟ್ಟರು. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ಕ್ಕೆ, ಅದು ಸರಿ. ಆದರೆ ಅಚ್ಚಾದ ಕಾಲಂ ಪುಸ್ತಕದ ವಯಸ್ಸು ಹೇಳುತ್ತದೆ, ಬರಹದ ವಯಸ್ಸಲ್ಲ. ಅಂಗಡಿಯಲ್ಲಿ ಉಳಿದ ಹಳೆಯ ಪುಸ್ತಕ ಕಡಿಮೆಗೆ ಸಿಕ್ಕರೆ ಕ್ಲಬ್ಬಿನವರು ಬಿಡುತ್ತಾರೆಯೇ?

ನೋಡಬೇಕಾದದ್ದು ಕಾಲಂನೊಳಗಿನ ಅಂಕಿಯನ್ನು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಆದ್ದರಿಂದ ಆಣೆ ಕಾಲಂನಲ್ಲಿ 15ಕ್ಕಿಂತ ದೊಡ್ಡ ಅಂಕಿ, ಪೈ ಕಾಲಂನಲ್ಲಿ 11ಕ್ಕಿಂತ ದೊಡ್ಡದು ಬರಲು ಸಾಧ್ಯವೇ ಇಲ್ಲ. ಇಲ್ಲಿನ ಆಣೆ ಕಾಲಂನಲ್ಲಿ 37, 62, 75 ಇವೆ. ಪೈ ಕಾಲಂ ಪೂರ್ತಿ ಖಾಲಿ. ಹಳೆಯ ಕಾಲಂನಲ್ಲಿ ಹೊಸ ಪೈಸೆ ಬರೆದಿದ್ದಾರೆ. ಅಂದರೆ 1957ರ ಏಪ್ರಿಲ್‌ಗಿಂತ ಹಿಂದಿನದಲ್ಲ.

ಕೆಲವು ಕಡೆ ‘ನ.ಪೈ.’ ಎಂದೂ ಬರೆದಿದೆ. ‘ನಯಾ ಪೈಸೆ’ ಎಂಬುದು ಅಧಿಕೃತ ಹೆಸರಾಗಿದ್ದದ್ದು 1964ರ ಜೂನ್ 1ರವರೆಗೆ, ಆಮೇಲೆ ಬರೀ ಪೈಸೆ. ಬಾಯಿಮಾತಿನಲ್ಲಿ ಅದು ಇನ್ನೂ ಕೆಲವು ವರ್ಷ ಉಳಿದಿರಬಹುದು, ಆದ್ದರಿಂದ ಈ ಕಡೆಯ ಕಂಬ ಸ್ವಲ್ಪ ಸಡಿಲ. ಅದನ್ನು ಬಿಗಿ ಮಾಡಿದ್ದು 37 ಮತ್ತು 62. ಯಾರಾದರೂ ಚೆಂಡು ಹೊಲಿಯಲು 37 ಪೈಸೆ ಕೇಳುತ್ತಾರೆಯೇ? ಆರು ಆಣೆಯನ್ನು ಹೊಸ ನಾಣ್ಯಕ್ಕೆ ತಿರುಗಿಸಿದರೆ ಮೂವತ್ತೇಳೂವರೆ. ಹತ್ತು ಆಣೆಯನ್ನು ತಿರುಗಿಸಿದರೆ ಅರವತ್ತೆರಡೂವರೆ. ಮೋಚಿ ಕೇಳಿದ್ದು ಆರಾಣೆ, ಲೆಕ್ಕ ಬರೆದವರು ಅದನ್ನು 37 ಮಾಡಿದರು. ಬಾಯಲ್ಲಿ ಆಣೆ, ಬರಹದಲ್ಲಿ ಪೈಸೆ ಇದ್ದ ಬದಲಾವಣೆಯ ವರ್ಷಗಳ ಗುರುತು ಇದು. ಪುಸ್ತಕದ ಕೊನೆಯ ಹಾಳೆಗಳಿಗೆ ಬರುವಾಗ 40, 60, 50 ಎಂದು ಗುಂಡು ಅಂಕಿಗಳೇ ಹೆಚ್ಚಾಗುತ್ತವೆ. ಬೆಲೆಗಳು ಹೊಸ ನಾಣ್ಯಕ್ಕೆ ಒಗ್ಗಿಕೊಂಡದ್ದು ಹಾಳೆ ತಿರುಗಿಸುತ್ತಿದ್ದಂತೆ ಕಾಣುತ್ತದೆ.

ಇನ್ನು ಇಸವಿ. ನಾಲ್ಕನೇ ಹಾಳೆಯಲ್ಲಿ ಹೀಗೊಂದು ನಮೂದು: ‘ತಾ. 12-4 ಭಾನುವಾರ. ಪೆರ್ನಾಳ್ ಮ್ಯಾಚ್. ಸೋಡ, ನಿಂಬೆಹಣ್ಣು 0-62. ಬಾಲ್ ಹೊಲಿಗೆ 0-37.’

ತಾರೀಖಿನ ಜೊತೆ ವಾರ ಇದ್ದರೆ ಅರ್ಧ ಕೆಲಸ ಮುಗಿದಂತೆ. 1957ರಿಂದ 1964ರವರೆಗೆ ಏಪ್ರಿಲ್ 12 ಭಾನುವಾರ ಬಿದ್ದದ್ದು ಎರಡೇ ಸಲ, 1959 ಮತ್ತು 1964. ಮೊಬೈಲಿನ ಕ್ಯಾಲೆಂಡರನ್ನು ಹಿಂದಕ್ಕೆ ಸರಿಸಿದರೂ ಸಾಕು, ಬೇರೆ ವಿದ್ಯೆ ಬೇಕಿಲ್ಲ. ಎರಡರಲ್ಲಿ ಯಾವುದು? ಪೆರ್ನಾಳ್ ಎಂದರೆ ಮಾಪಿಳ್ಳೆ ಮುಸ್ಲಿಮರ ಹಬ್ಬ. 1959ರಲ್ಲಿ ರಂಜಾನ್ ಮುಗಿದ ಹಬ್ಬ ಬಂದದ್ದು ಏಪ್ರಿಲ್ 10ರ ಆಸುಪಾಸಿನಲ್ಲಿ. 1964ರಲ್ಲಿ ಅದು ಫೆಬ್ರವರಿ ಮಧ್ಯದಲ್ಲೇ ಆಗಿಹೋಗಿತ್ತು. ಇಸ್ಲಾಮಿ ವರ್ಷ ನಮ್ಮ ಕ್ಯಾಲೆಂಡರಿಗಿಂತ ಸುಮಾರು 11 ದಿನ ಚಿಕ್ಕದು, ಹಾಗಾಗಿ ಹಬ್ಬ ವರ್ಷ ವರ್ಷ ಹಿಂದಕ್ಕೆ ಸರಿಯುತ್ತದೆ. ಚಂದ್ರ ಕಾಣುವುದರ ಮೇಲೆ ಒಂದು ದಿನ ಹೆಚ್ಚುಕಡಿಮೆಯಾದರೂ ಎರಡು ತಿಂಗಳು ವ್ಯತ್ಯಾಸವಾಗುವುದಿಲ್ಲ. 1964ರಲ್ಲಿ ಬಕ್ರೀದ್ ಬಂದದ್ದು ಏಪ್ರಿಲ್ ಕೊನೆಗೆ, 12ರಂದು ಅದಕ್ಕಿನ್ನೂ ಹತ್ತು ದಿನ ಬಾಕಿ. ಉಳಿದದ್ದು 1959.

ಹೀಗೆ ಮೊದಲ ಗಟ್ಟಿ ತಾರೀಖು ಸಿಕ್ಕಿತು: 1959ರ ಏಪ್ರಿಲ್ 12. ಅದೂ ನಾಲ್ಕನೇ ಹಾಳೆಯಲ್ಲಿ, ಹೊಲಿಗೆ ಬಿಟ್ಟ ಚೆಂಡಿನ ಜೊತೆ. ಕೊಂಡ ದಿನವೇ ಯಾರೂ ಚೆಂಡನ್ನು ಹೊಲಿಸುವುದಿಲ್ಲ. ಅದಕ್ಕೂ ಮೊದಲು ಆಟ ನಡೆದಿತ್ತು. ಬೋರ್ಡಿನ 1958 ನಿಜವಿರಬಹುದು ಎಂಬ ಮಾತಿಗೆ ಮೊದಲ ಬಾರಿ ಒಂದು ಆಸರೆ ದೊರೆಯಿತು. ಸಾಬೀತಾಯಿತು ಎನ್ನುವಂತಿಲ್ಲ.

ಕಪ್ಪು, ಲೆಟರ್‌ಹೆಡ್, ಸ್ಕೋರ್ ಹಾಳೆ

1964ರ ಕಪ್ಪನ್ನು ನೋಡುವ ಮೊದಲೇ ಅನಾಹುತವೊಂದು ಸ್ವಲ್ಪದರಲ್ಲಿ ತಪ್ಪಿತು. ಅಕ್ಷರ ಕಾಣುವುದಿಲ್ಲವೆಂದು ಒಬ್ಬರು ಬ್ರಾಸೊ ಹಚ್ಚಿ ಉಜ್ಜಲು ಕೂತಿದ್ದರು. ಇಂಥ ಕಪ್ಪುಗಳು ಹೆಚ್ಚಾಗಿ ಬೆಳ್ಳಿಯ ಲೇಪದವು. ಉಜ್ಜಿದಷ್ಟೂ ಲೇಪ ಹೋಗುತ್ತದೆ, ತೆಳುವಾಗಿ ಕೊರೆದ ಅಕ್ಷರ ಅದರ ಜೊತೆ ಹೋಗುತ್ತದೆ. ಕೋಣೆ ಕತ್ತಲೆ ಮಾಡಿ ಟಾರ್ಚನ್ನು ಕಪ್ಪಿನ ಮೈಗೆ ಹೆಚ್ಚುಕಡಿಮೆ ಸಮನಾಗಿ, ಪಕ್ಕದಿಂದ ಹಿಡಿಯಬೇಕು. ಕೊರೆದ ಗೆರೆಗಳಲ್ಲಿ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಆಗಲೂ ಓದಲಾಗದಿದ್ದರೆ ತೆಳು ಕಾಗದ ಸುತ್ತಿ ಮೆತ್ತನೆಯ ಪೆನ್ಸಿಲನ್ನು ಓರೆಯಾಗಿ ಗೀಚಿದರೆ ಪಡಿಯಚ್ಚು ಬರುತ್ತದೆ. ಇಲ್ಲಿ ಓದಿದಾಗ ಸಿಕ್ಕಿದ್ದು ‘ರನ್ನರ್ಸ್ 1964’, ಕಪ್ಪು ಕೊಟ್ಟವರ ಹೆಸರು. ಪಡೆದ ತಂಡದ ಹೆಸರಿಲ್ಲ. ಕ್ಲಬ್ಬಿನ ಕಪಾಟಿನಲ್ಲಿದೆ ಎಂಬುದು ಬಿಟ್ಟರೆ ಇದು ಕ್ಲಬ್ಬಿನದೆನ್ನಲು ಆಧಾರವಿಲ್ಲ.

ಕಪಾಟಿನಲ್ಲಿದ್ದ ಹಳೆಯ ಲೆಟರ್‌ಹೆಡ್ಡೊಂದರಲ್ಲಿ (ಈಗಿನದಲ್ಲ) ‘ಮೈಸೂರು ರಾಜ್ಯ’ ಎಂದಿದೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ಕ್ಕೆ. ಹಳೆಯ ಸ್ಟಾಕು ಮುಗಿಯುವವರೆಗೆ ಬಳಸುತ್ತಾರಾದ್ದರಿಂದ ಮೇಲಿನ ಕಂಬ ಸಡಿಲ, ಕೆಳಗಿನದು ಭದ್ರ. ಕ್ಲಬ್ಬಿನ ಹೆಸರು ಅಚ್ಚಿನಲ್ಲಿ ಸಿಕ್ಕಿದ ಅತಿ ಹಳೆಯ ಕಾಗದ ಇದೇ.

ಇಸವಿಯಿಲ್ಲದ ಸ್ಕೋರ್ ಹಾಳೆಗಳಿಗೆ ಆಟದ ನಿಯಮವೇ ಗಡಿಯಾರ. ಸಮನಾದ ಪಂದ್ಯವನ್ನು ಪೆನಾಲ್ಟಿ ಒದೆತದಿಂದ ತೀರ್ಮಾನಿಸುವ ಕ್ರಮ ನಿಯಮಪುಸ್ತಕಕ್ಕೆ ಸೇರಿದ್ದು 1970ರಲ್ಲಿ. ಹಳದಿ, ಕೆಂಪು ಕಾರ್ಡು ಮೊದಲು ಜಾರಿಗೆ ಬಂದದ್ದೂ ಆ ವರ್ಷದ ವಿಶ್ವಕಪ್ಪಿನಲ್ಲೇ. ಹಾಗಾಗಿ ‘ಟೈಬ್ರೇಕರ್ 4-3’ ಎಂಬ ಹಾಳೆ 1970ಕ್ಕಿಂತ ಹಳೆಯದಿರುವ ಸಾಧ್ಯತೆ ತೀರಾ ಕಡಿಮೆ. ‘ಟಾಸ್‌ನಲ್ಲಿ ಗೆಲುವು’ ಎಂದಿದ್ದರೆ ಮಾತ್ರ ಹಳೆಯದೆಂದು ಹಿಗ್ಗಬೇಡಿ. ಸ್ಕಾಟ್ಲೆಂಡಿನ ಇನ್ವರ್ನೆಸ್ಸಿನಲ್ಲಿ ಬದಲಾದ ನಿಯಮ ಘಾಟಿ ಹತ್ತಲು ಕೆಲವು ವರ್ಷ ಹಿಡಿದಿರಬಹುದು. ಮಳೆ ಬಂದು ಕತ್ತಲಾದರೆ ಟಾಸ್ ಇವತ್ತಿಗೂ ಉಂಟು.

ಪ್ರಮಾಣಪತ್ರ

ಗೋಡೆಯ ಮೇಲಿನ ಸರ್ಟಿಫಿಕೇಟಿನಲ್ಲಿ ಯಾವ ಸಂಶಯವೂ ಇರಬಾರದಲ್ಲ? ಇತ್ತು. ಹಳೆಯ ವರದಿಗಳಲ್ಲೆಲ್ಲ ‘1976ರಲ್ಲಿ ನೋಂದಣಿ’ ಎಂದಿದೆ. ನೋಂದಣಿ ಸಂಖ್ಯೆಯ ಕೊನೆಗೆ ‘76-77’ ಇರುವುದರಿಂದ ಹಾಗೆ ಓದಿದ್ದಾರೆ. ಅದು ಆರ್ಥಿಕ ವರ್ಷ, ಏಪ್ರಿಲಿನಿಂದ ಮಾರ್ಚ್‌ವರೆಗೆ. ಸಹಿಯ ಕೆಳಗಿನ ತಾರೀಖು 1977ರ ಫೆಬ್ರವರಿ. ಸಂಖ್ಯೆಯನ್ನಲ್ಲ, ಸಹಿಯ ತಾರೀಖನ್ನು ಓದಬೇಕು.

ನೋಂದಣಿಯಾದದ್ದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ. ಅದಕ್ಕೆ ಕನಿಷ್ಠ ಏಳು ಜನ ಸಹಿ ಹಾಕಿದ ಸಂಘದ ಜ್ಞಾಪನಪತ್ರ ಮತ್ತು ನಿಯಮಾವಳಿ ಬೇಕು. ಆಮೇಲೆ ಪ್ರತಿ ವರ್ಷ ಮಹಾಸಭೆ ಮುಗಿದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ ಹಾಗೂ ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇದನ್ನು ತಲೆನೋವೆಂದು ತಿಳಿಯುವವರೇ ಹೆಚ್ಚು. ಇತಿಹಾಸ ಬರೆಯುವವರಿಗೆ ಇದು ನಿಧಿ: ಕ್ಲಬ್ಬಿನ ಪ್ರತಿ ಹಾಳಾದರೂ ಕಚೇರಿಯ ಕಡತದಲ್ಲಿ ವರ್ಷವಾರು ಪದಾಧಿಕಾರಿಗಳ ಹೆಸರು ಉಳಿದಿರುತ್ತವೆ. ದೃಢೀಕೃತ ನಕಲಿಗೆ ಅರ್ಜಿ ಹಾಕಬಹುದು. ಅದರಿಂದಾಗದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ, 30 ದಿನದ ಗಡುವು. ಕ್ಲಬ್ಬು ಪಟ್ಟಿ ಸಲ್ಲಿಸದೆ ಬಿಟ್ಟ ವರ್ಷಗಳು ಕಡತದಲ್ಲಿ ಖಾಲಿಯಾಗಿಯೇ ಇರುತ್ತವೆ, ಅದು ಕಚೇರಿಯ ತಪ್ಪಲ್ಲ.

ಜ್ಞಾಪನಪತ್ರದ ನಕಲು ಬಂದಾಗ ಉಪಸಮಿತಿಗೆ ದೊಡ್ಡ ಪ್ರಶ್ನೆಯೊಂದಕ್ಕೆ ಉತ್ತರ ಸಿಕ್ಕಿತು. 1959ರ ‘ಫುಟ್ಬಾಲ್ ಲೆಕ್ಕ’ದ ಹುಡುಗರೂ 1977ರ ಕ್ಲಬ್ಬೂ ಒಂದೇ ಎನ್ನಲು ಏನು ಆಧಾರ? ನಡುವೆ ಕೆಲವು ವರ್ಷ ಕಾಗದವೇ ಇಲ್ಲ. ಏಳು ಸಹಿದಾರರಲ್ಲಿ ಮೂವರ ಹೆಸರು ಹಳೆಯ ಪುಸ್ತಕದ ಚಂದಾ ಪಟ್ಟಿಯಲ್ಲಿವೆ, ತಂದೆಯ ಹೆಸರು ಸಮೇತ. ಇಪ್ಪತ್ತರ ಹುಡುಗರು ಮೂವತ್ತೆಂಟಕ್ಕೆ ಬಂದು ಸಹಿ ಹಾಕಿದ್ದಾರೆ. ಪುಸ್ತಕ ಕ್ಲಬ್ಬಿನ ಕಪಾಟಿಗೆ ಬಂದದ್ದೂ ಅವರಲ್ಲೊಬ್ಬರ ಮನೆಯಿಂದ. ಜನ, ಮೈದಾನ, ಆಸ್ತಿ ಈ ಮೂರರಲ್ಲಿ ಎರಡಾದರೂ ಕೈಯಿಂದ ಕೈಗೆ ದಾಟಿದ್ದು ತೋರಿಸಿದರೆ ಒಂದೇ ಕ್ಲಬ್ಬು ಎನ್ನುವುದು ನ್ಯಾಯ. ಹೆಸರು ಒಂದೇ ಆಗಿರಬೇಕಿಲ್ಲ. ಮೈದಾನದ ವಿಷಯದಲ್ಲಿ ಪಹಣಿ ತೆಗೆಸಿದರು. ಜಾಗ ಪೈಸಾರಿ, ಅಂದರೆ ಸರ್ಕಾರದ ಭೂಮಿ; ಕ್ಲಬ್ಬಿನ ಹೆಸರು ಅದರಲ್ಲಿಲ್ಲ. ಅಲ್ಲಿಗೆ ಆ ದಾರಿ ಮುಚ್ಚಿತು.

ಹಿರಿಯರನ್ನು ಕೇಳುವುದು

‘ಯಾವ ವರ್ಷ ಅಜ್ಜ?’ ಎಂದು ಕೇಳಿದರೆ ಒಂದು ಇಸವಿ ಬಂದೇ ಬರುತ್ತದೆ, ಬೋರ್ಡಿನದೇ ಇಸವಿ. ಅವರೂ ಅದನ್ನು ದಿನಾ ಓದುತ್ತಾರಲ್ಲ. ಕೇಳಬೇಕಾದದ್ದು ಹೀಗೆ:

‘ನೀವು ಮೊದಲ ಸಲ ಬೂಟು ಹಾಕಿ ಆಡಿದಾಗ ಮದುವೆ ಆಗಿತ್ತಾ ಅಜ್ಜ?’

‘ಇಲ್ಲಪ್ಪ. ಮದುವೆ ಆದದ್ದು ತಿಮ್ಮಯ್ಯ ಸಾಹೇಬ್ರು ತೀರಿಹೋದ ಮುಂದಿನ ವರ್ಷ.’

ಜನರಲ್ ತಿಮ್ಮಯ್ಯನವರು ಸೈಪ್ರಸ್ಸಿನಲ್ಲಿ ತೀರಿಕೊಂಡದ್ದು 1965ರ ಡಿಸೆಂಬರ್ 18. ಅಲ್ಲಿಗೆ ಬೂಟಿನ ಆಟ 1966ಕ್ಕಿಂತ ನಂತರದ್ದಲ್ಲ. ಕೊಡಗಿನವರ ನೆನಪಿಗೆ ಇಂಥ ಗೂಟಗಳು ಬೇಕಾದಷ್ಟಿವೆ: ಮೈಸೂರಿಗೆ ಸೇರಿದ್ದು, ಚೀನಾ ಯುದ್ಧ, 1965 ಮತ್ತು 1971ರ ಯುದ್ಧ, ಎಮರ್ಜೆನ್ಸಿ. ಮನೆಮನೆಯಲ್ಲೂ ಸೈನ್ಯದವರಿರುವಲ್ಲಿ ಯಾರು ಯಾವಾಗ ರಜೆಯ ಮೇಲೆ ಬಂದಿದ್ದರು ಎಂಬುದು ಇಸವಿಗಿಂತ ಗಟ್ಟಿಯಾದ ನೆನಪು. ಆಟದವರಿಗೆ ಇನ್ನೊಂದು ಗೂಟವಿದೆ. ಮೈಸೂರು ತಂಡ 1967-68, 1968-69 ಎರಡು ವರ್ಷ ಸಾಲಾಗಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಫುಟ್ಬಾಲ್ ಗೆದ್ದದ್ದು. ಆಮೇಲೆ ರಾಜ್ಯಕ್ಕೆ ಅದು ಬಂದದ್ದು 2023ರಲ್ಲಿ.

ಒಬ್ಬೊಬ್ಬರನ್ನೇ ಕೇಳಬೇಕು. ಇಬ್ಬರು ಕೂತರೆ ಗಟ್ಟಿ ಗಂಟಲಿನವರ ಇಸವಿಯೇ ಇಬ್ಬರದೂ ಆಗುತ್ತದೆ. ಮನೆಮಾತಿನಲ್ಲೇ ಮಾತಾಡಲು ಬಿಡಬೇಕು, ಕೊಡವ ತಕ್ಕಿರಲಿ, ಮಲಯಾಳವಿರಲಿ, ತುಳುವಿರಲಿ, ಅರೆಭಾಷೆಯಿರಲಿ. ಕನ್ನಡಕ್ಕೆ ಆಮೇಲೆ ಇಳಿಸಿಕೊಳ್ಳಬಹುದು. ತೋಟದ ರೈಟರು, ಅಂದರೆ ಗುಮಾಸ್ತರಾಗಿದ್ದವರು ಸಿಕ್ಕರೆ ಬಿಡಬೇಡಿ, ಡೈರಿ ಬರೆಯುವ ಅಭ್ಯಾಸ ಅವರಿಗಿರುತ್ತದೆ.

ಮಾತಿನಲ್ಲಿ ಸಿಕ್ಕಿದ್ದನ್ನು ಪತ್ರಿಕೆಯಲ್ಲಿ ನೋಡುವುದು ಕೊನೆಯ ಹಂತ. ಮಡಿಕೇರಿಯ ‘ಶಕ್ತಿ’ ದೈನಿಕ 1957ರಿಂದ ಬರುತ್ತಿದೆ. ವರ್ಷದ ಎಲ್ಲ ಸಂಚಿಕೆ ತಿರುವುತ್ತ ಕೂರಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಟೂರ್ನಿ ಇಲ್ಲ. ನವೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ಊರಿಗೆ ಊರೇ ತೋಟದಲ್ಲಿ. ಕೊಯ್ಲಿನ ಹಣ ಕೈಗೆ ಬಂದು ಶಾಲೆಗೆ ರಜೆ ಸಿಗುವ ಏಪ್ರಿಲ್, ಮೇ ತಿಂಗಳಲ್ಲೇ ಆಟದ ಸುದ್ದಿ. ಸುಂಟಿಕೊಪ್ಪದ ಗೋಲ್ಡ್ ಕಪ್ ಫುಟ್ಬಾಲ್ ಇವತ್ತಿಗೂ ಬೇಸಿಗೆಯದೇ. ಆ ಎರಡು ತಿಂಗಳು, ಜೊತೆಗೆ ಆಗಸ್ಟ್ 15ರ ಮರುದಿನಗಳು ಮತ್ತು ದಸರಾ ವಾರ. ಇಷ್ಟು ನೋಡಿದರೆ ಹೆಚ್ಚಿನದು ಸಿಗುತ್ತದೆ.

ಕಾಗದ ಉಳಿಸಿದ್ದು, ಕೆಡಿಸಿದ್ದು

ಮಡಿಕೇರಿ ಕಡೆ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ. ಹೆಂಚಿನ ಕೋಣೆಯಲ್ಲಿ ಉಕ್ಕಿನ ಬೀರು ಗೋಡೆಗೆ ತಾಗಿಸಿ ಇಟ್ಟಿದ್ದರಿಂದ ಮಳೆಗಾಲದಲ್ಲಿ ಬೆನ್ನು ಬೆವರಿ, ಹಿಂದಿನ ಸಾಲಿನ ನಡಾವಳಿ ಪುಸ್ತಕಗಳು ಬೂಸ್ಟು ಹಿಡಿದು ಇಟ್ಟಿಗೆಯಂತೆ ಅಂಟಿಕೊಂಡಿದ್ದವು. ಬೀರು ಗೋಡೆಯಿಂದ ಒಂದು ಗೇಣು ದೂರವಿರಬೇಕು, ನೆಲದಿಂದ ನಾಲ್ಕು ಬೆರಳು ಎತ್ತರದಲ್ಲಿ. ಒದ್ದೆ ಪುಸ್ತಕವನ್ನು ಬಿಸಿಲಿಗಿಡದೆ, ಹಾಳೆಗಳ ನಡುವೆ ಅಚ್ಚಿಲ್ಲದ ಬಿಳಿ ಕಾಗದ ತೂರಿಸಿ ಫ್ಯಾನ್ ಗಾಳಿಗೆ ನಿಲ್ಲಿಸಬೇಕು. ಅಂಟಿದ ಹಾಳೆಯನ್ನು ಎಳೆಯಬಾರದು. ಗಾಜಿಗೆ ಅಂಟಿದ ಫೋಟೋವನ್ನಂತೂ ಮುಟ್ಟಲೇಬಾರದು, ಗಾಜಿನ ಸಮೇತ ಸ್ಕ್ಯಾನ್ ಮಾಡಬೇಕು. 600 ಡಿಪಿಐ, ಕಪ್ಪುಬಿಳುಪಾದರೂ ಬಣ್ಣದಲ್ಲೇ, ಬೆನ್ನನ್ನೂ ಬಿಡದೆ. ಬೆನ್ನು ಸ್ಕ್ಯಾನ್ ಮಾಡದಿದ್ದಿದ್ದರೆ 571201 ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಸರ್ಟಿಫಿಕೇಟಿಗೆ ಯಾರೋ ಒಳ್ಳೆಯ ಮನಸ್ಸಿನಿಂದ ಲ್ಯಾಮಿನೇಶನ್ ಮಾಡಿಸಿದ್ದರು. ಒಳಗೆ ಸಿಕ್ಕಿಕೊಂಡ ತೇವಕ್ಕೆ ಮೂಲೆ ಕಂದಾಗಿದೆ, ಇನ್ನು ಬಿಡಿಸಲಾಗದು.

ತೀರ್ಮಾನ

ಉಪಸಮಿತಿ ಸ್ಥಾಪನೆಯ ವರ್ಷ ಇದೇ ಎಂದು ಬರೆಯಲಿಲ್ಲ. ಕ್ಲಬ್ಬಿಗೆ ಒಂದಲ್ಲ, ಮೂರು ಹುಟ್ಟು ಎಂದಿತು. ತಂಡ ಆಡುತ್ತಿದ್ದದ್ದು 1959ರ ಏಪ್ರಿಲ್ 12ಕ್ಕೂ ಮೊದಲಿನಿಂದ, ಹೆಸರು ಅಚ್ಚಾದದ್ದು ‘ಮೈಸೂರು ರಾಜ್ಯ’ದ ಕಾಲದಲ್ಲಿ, ನೋಂದಣಿ 1977ರ ಫೆಬ್ರವರಿಯಲ್ಲಿ. 2027ರ ಕಾರ್ಯಕ್ರಮ ಬೇಕಿದ್ದರೆ ಮಾಡಿ, ಆದರೆ ಕರೆಯೋಲೆಯಲ್ಲಿ ‘ಸ್ಥಾಪನೆಯ’ ಎಂಬ ಪದ ಬೇಡ, ‘ನೋಂದಣಿಯ ಐವತ್ತನೇ ವರ್ಷ’ ಎಂದಿರಲಿ. ಹಳಬರಿಗೆ ಇದು ಪೂರ್ತಿ ಸಮಾಧಾನವಾಗಲಿಲ್ಲ, ಸಮಿತಿಯವರಿಗೂ ಇಲ್ಲ. ಬೋರ್ಡಿನ 1958ನ್ನು ಅಳಿಸಬೇಕೆಂದು ಯಾರೂ ಒತ್ತಾಯಿಸಲಿಲ್ಲ. ಪೇಂಟರಿಗೆ ಹೇಳಿ ಇಸವಿಯ ಹಿಂದೆ ‘ಸುಮಾರು’ ಎಂದು ಸೇರಿಸಿದರು, ಅದಕ್ಕೆ ಜಾಗ ಸಾಲದೆ ಅಕ್ಷರ ಸ್ವಲ್ಪ ಚಿಕ್ಕದಾಗಿದೆ.

1955ರ ಫೋಟೋ ಈಗ ಗೋಡೆಯ ಮೇಲಿದೆ. ಅದರ ಅಡಿಬರಹ ಹೀಗಿದೆ: ‘ಹಾಕಿ ಗೋಲಿನ ಮುಂದೆ ಫುಟ್ಬಾಲ್ ಆಟಗಾರರು. ಬೆನ್ನಿಗೆ 1955 ಎಂದು ಬರೆದಿದೆ; ಈ ಪ್ರತಿ 1972ರ ನಂತರದ್ದು. ಎಡದಿಂದ ಮೂರನೆಯವರು ಯಾರೆಂದು ಗೊತ್ತಿದ್ದವರು ತಿಳಿಸಿ. ಮೂಲ ಫೋಟೋ ಯಾರ ಮನೆಯಲ್ಲಾದರೂ ಇದ್ದರೆ ಬೆನ್ನು ಒರೆಸಬೇಡಿ, ಹಾಗೆಯೇ ತನ್ನಿ.’